ಊಟ ಆಯ್ತು ಎಂಬ ಸುಳ್ಳು

ನಾನು ಈವರೆಗೆ ಅತಿ ಹೆಚ್ಚು ಸಲ ಹೇಳಿದ ಸುಳ್ಳಿನಲ್ಲಿ ಇದ್ದದ್ದು ಎರಡೇ ಪದ. ‘ಊಟ ಆಯ್ತು.’ ಸುಮಾರು ಒಂದೂವರೆ ವರ್ಷ, ದಿನಕ್ಕೆ ಎರಡು ಸಲವಾದರೂ ಹೇಳಿರಬೇಕು. ಅಮ್ಮನಿಗೆ, ಆಫೀಸಿನಲ್ಲಿ ಪಕ್ಕದ ಮೇಜಿನವಳಿಗೆ, ಫೋನಿನಲ್ಲಿ ತಮ್ಮನಿಗೆ. ಸುಳ್ಳು ಹೇಳುವವರ ದನಿ ನಡುಗುತ್ತದೆ ಅಂತಾರೆ. ನನ್ನದು ನಡುಗಲಿಲ್ಲ. ಇಷ್ಟು ಸಣ್ಣ ಸುಳ್ಳಿಗೆ ಯಾರ ದನಿ ನಡುಗುತ್ತದೆ ಹೇಳಿ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನನಗೆ 34 ವರ್ಷ. ನಾಲ್ಕು ತಿಂಗಳು ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಆಮೇಲೆ ಅಪ್ಪ ಹೋದರು. ಅಷ್ಟೂ ದಿನ ನಾನು ಒಮ್ಮೆಯೂ ಅಳಲಿಲ್ಲ ಎಂಬುದು ಬಂಧುಬಳಗದಲ್ಲಿ ಹೆಮ್ಮೆಯ ಮಾತಾಗಿತ್ತು. ಬಿಲ್ಲು, ವಿಮೆಯ ಕಾಗದ, ಡಾಕ್ಟರ ಹತ್ತಿರ ಮಾತು, ಅಮ್ಮನ ಬಿ.ಪಿ. ಮಾತ್ರೆ, ಇತ್ತ ಆಫೀಸಿನಲ್ಲಿ ವರ್ಷದ ಕೊನೆಯ ಲೆಕ್ಕಪತ್ರ, ಎಲ್ಲವೂ ನನ್ನ ತಲೆಯ ಮೇಲೆ. ‘ನಮ್ಮ ಹುಡುಗಿ ಗಟ್ಟಿಗಿತ್ತಿ, ಗಂಡುಮಗನ ಹಾಗೆ ನಿಂತಳು’ ಅಂದರು. ಗಂಡುಮಗ ಪಕ್ಕದಲ್ಲೇ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ಪಾಪ, ಅವನೂ ಕೇಳಿಸಿಕೊಂಡ.

ಮೊದಲ ಎರಡು ತಿಂಗಳು ನನಗೆ ನಿಜವಾಗಿಯೂ ಊಟ ಸೇರುತ್ತಿರಲಿಲ್ಲ. ತುತ್ತು ಬಾಯಲ್ಲೇ ಸುತ್ತುತ್ತಿತ್ತು, ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ಇದು ಕಾಯಿಲೆಯಲ್ಲ, ದೇಹ ಹಾಗೆಯೇ ಮಾಡುತ್ತದೆ. ಎಕ್ಸ್‌-ರೇ ಬಂದ ಹೊಸತರಲ್ಲಿ, 1890ರ ದಶಕದ ಕೊನೆಗೆ, ವಾಲ್ಟರ್ ಕ್ಯಾನನ್ ಎಂಬಾತ ಬೆಕ್ಕುಗಳ ಹೊಟ್ಟೆಯಲ್ಲಿ ಆಹಾರ ಹೇಗೆ ಸಾಗುತ್ತದೆಂದು ಆ ಕಿರಣಗಳ ಮೂಲಕ ನೋಡುತ್ತಿದ್ದ. ಬೆಕ್ಕು ಗಾಬರಿಯಾದೊಡನೆ ಜಠರದ ಅಲೆಗಳು ಗಕ್ಕನೆ ನಿಂತುಬಿಡುತ್ತಿದ್ದವು. ಶಾಂತವಾದ ಮೇಲೆ ಮತ್ತೆ ಶುರು. ಅಪಾಯ ಎದುರಿಗೆ ನಿಂತಾಗ ಜೀರ್ಣಿಸಿಕೊಳ್ಳುತ್ತ ಕೂರಲು ದೇಹಕ್ಕೆ ಪುರಸೊತ್ತಿಲ್ಲ. ಹೋರಾಡಬೇಕು, ಇಲ್ಲವೇ ಓಡಬೇಕು. ನಮ್ಮ ಭಾಷೆಗೆ ಇದು ಎಕ್ಸ್‌-ರೇ ಇಲ್ಲದೆಯೇ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ದುಃಖವನ್ನು ನುಂಗಿಕೊಳ್ಳುತ್ತೇವೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಅಸೂಯೆಗೆ ಹೊಟ್ಟೆ ಉರಿಯುತ್ತದೆ, ಸಂಕಟಕ್ಕೆ ಕರುಳು ಕಿವುಚುತ್ತದೆ. ನಾನಂತೂ ಆ ನಾಲ್ಕು ತಿಂಗಳಲ್ಲಿ ಬೇರೇನನ್ನೂ ನುಂಗಲು ಜಾಗ ಉಳಿಯದಷ್ಟು ನುಂಗಿದ್ದೆ.

ಸಮಸ್ಯೆ ಆಮೇಲಿನದು. ಬೆಕ್ಕಿನ ಗಾಬರಿ ಕೆಲವು ನಿಮಿಷದ್ದು. ನಮ್ಮದು ತಿಂಗಳುಗಟ್ಟಲೆ ಎಳೆಯುತ್ತದೆ. ಒತ್ತಡ ಶುರುವಾದ ಗಳಿಗೆಯಲ್ಲಿ ಮಿದುಳಿನ ಹೈಪೊಥಲಾಮಸ್ ಹೊರಡಿಸುವ ಹಾರ್ಮೋನು ಹಸಿವನ್ನು ಅಡಗಿಸುತ್ತದೆ. ಅದೇ ಸರಪಳಿಯ ತುದಿಯಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಬರುವ ಕಾರ್ಟಿಸೋಲ್ ರಕ್ತದಲ್ಲಿ ಉಳಿದುಕೊಂಡರೆ ಹಸಿವನ್ನು ಕೆರಳಿಸುತ್ತದೆ, ಅದರಲ್ಲೂ ಸಿಹಿ ಮತ್ತು ಜಿಡ್ಡಿನ ಕಡೆಗೆ. ಒಂದೇ ಕಷ್ಟ ಒಬ್ಬರನ್ನು ಉಪವಾಸ ಕೆಡವುತ್ತದೆ, ಇನ್ನೊಬ್ಬರನ್ನು ಡಬ್ಬಿಯ ಮುಂದೆ ಕೂರಿಸುತ್ತದೆ. ನನ್ನಂಥವರಿಗೆ ಎರಡನ್ನೂ ಮಾಡಿಸುತ್ತದೆ, ಹೊತ್ತು ನೋಡಿಕೊಂಡು.

ಅಪ್ಪ ಹೋಗಿ ತಿಂಗಳಾಗಿತ್ತು. ಆಫೀಸಿನಲ್ಲಿ ಒಬ್ಬರು ‘ಎಷ್ಟು ಸಣ್ಣ ಆಗಿದ್ದೀರ! ಚೆನ್ನಾಗಿ ಕಾಣ್ತೀರ, ಏನು ಮಾಡಿದಿರಿ?’ ಅಂದರು. ಅಪ್ಪನನ್ನು ಕಳೆದುಕೊಂಡೆ ಅನ್ನುವುದು ಸರಿಯಾದ ಉತ್ತರವಾಗಿತ್ತು. ನಾನು ನಕ್ಕು ‘ಏನಿಲ್ಲ, ಸ್ವಲ್ಪ ಕಂಟ್ರೋಲ್ ಮಾಡ್ತಿದೀನಿ’ ಅಂದೆ. ಆ ಪದ ಹೇಳಿದಾಗ ಎದೆಯಲ್ಲಿ ತಣ್ಣಗಿನ ಏನೋ ಹರಿದದ್ದು ಈಗಲೂ ನೆನಪಿದೆ. ಅಪ್ಪನ ಕೈಕಾಲು, ಡಾಕ್ಟರ ಮುಖ, ಅಮ್ಮನ ನಿದ್ದೆ, ಬ್ಯಾಂಕಿನ ಖಾತೆ, ಯಾವುದೂ ನನ್ನ ಹಿಡಿತದಲ್ಲಿರಲಿಲ್ಲ. ಇದೊಂದು ಇತ್ತು.

ಹಾಗೆ ನಿಯಮಗಳು ಬಂದವು. ಬೆಳಗ್ಗೆ ಬೇಡ. ಇಂತಿಷ್ಟು ಗಂಟೆಗೆ ಮುಂಚೆ ಬೇಡ. ಇದು ಬೇಡ, ಅದು ಬೇಡ. ಅಂಕಿಗಳನ್ನು, ಅಂದರೆ ತೂಕ, ಕ್ಯಾಲೊರಿ ಇಂಥವನ್ನು, ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಆ ದಿನಗಳಲ್ಲಿ ನಾನು ಇಂಥ ಬರಹಗಳನ್ನು ಓದುತ್ತಿದ್ದದ್ದೇ ಅಂಕಿಗಳಿಗಾಗಿ. ಬರೆದವಳಿಗಿಂತ ನಾನು ಮುಂದಿದ್ದೇನೋ ಹಿಂದಿದ್ದೇನೋ ನೋಡಿಕೊಳ್ಳಲು. ಸಹಾಯ ಕೇಳಿ ಬರೆದವಳ ಕಷ್ಟವನ್ನು ಪಂದ್ಯದ ಸ್ಕೋರಿನಂತೆ ಓದುವ ಕಾಯಿಲೆ ಇದು.

ಇನ್ನು ರಾತ್ರಿ. ಹನ್ನೊಂದರ ಮೇಲೆ, ಅಮ್ಮ ಮಲಗಿದ ಮೇಲೆ, ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆ. ಕೈಗೆ ಸಿಕ್ಕಿದ್ದನ್ನೆಲ್ಲ, ರುಚಿ ತಿಳಿಯುವ ಮೊದಲೇ ಮುಂದಿನದನ್ನು. ಹೊಟ್ಟೆ ನೋಯುವವರೆಗೆ. ಆಮೇಲೆ ಡಬ್ಬಿಗಳನ್ನು ಮೊದಲು ಹೇಗಿದ್ದವೋ ಹಾಗೇ ಜೋಡಿಸಿ, ಬಾಯಿ ತೊಳೆದು, ಹಾಸಿಗೆಯಲ್ಲಿ ಬಿದ್ದುಕೊಂಡು ಮರುದಿನದ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ನಾಚಿಕೆ ಎಷ್ಟೆಂದರೆ, ಯಾರಾದರೂ ನೋಡುವ ಬದಲು ಸತ್ತರೆ ವಾಸಿ ಅನ್ನಿಸುತ್ತಿತ್ತು. ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಒಮ್ಮೆ ಒಬ್ಬ ವೈದ್ಯರ ಬಳಿ ಸುಸ್ತು ಅಂತ ಹೋದೆ. ‘ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಅಂದರು, ವಿಟಮಿನ್ ಬರೆದುಕೊಟ್ಟರು. ಅವರನ್ನು ಪೂರ್ತಿ ದೂರುವಂತಿಲ್ಲ. ನಾನು ಮೂಳೆ ಎದ್ದು ಕಾಣುವ ಹದಿಹರೆಯದ ಹುಡುಗಿಯಾಗಿರಲಿಲ್ಲ. ಈಟಿಂಗ್ ಡಿಸಾರ್ಡರ್ ಅಂದೊಡನೆ ಎಲ್ಲರ ಕಣ್ಣಿಗೆ ಬರುವ ಚಿತ್ರ ಅದೊಂದೇ. ಇತಿಹಾಸವೂ ಅಲ್ಲಿಂದಲೇ ಶುರು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಬೇರೆ ಬೇರೆಯಾಗಿ ವಿವರಿಸಿದ್ದು ಊಟ ಬಿಟ್ಟು ಸೊರಗಿದ ಯುವತಿಯರನ್ನು. ಅನೊರೆಕ್ಸಿಯಾ ನರ್ವೋಸ ಎಂಬ ಹೆಸರು ಗಲ್ ಕೊಟ್ಟದ್ದು. ಸಿಕ್ಕಾಪಟ್ಟೆ ತಿಂದು ಅದನ್ನು ಹೊರಹಾಕುವ ಬುಲಿಮಿಯಾಕ್ಕೆ ಜೆರಾಲ್ಡ್ ರಸೆಲ್ ಹೆಸರಿಡುವ ಹೊತ್ತಿಗೆ 1979 ಆಗಿತ್ತು. ಹೊರಹಾಕದೆ, ಹಿಡಿತ ತಪ್ಪಿ ತಿನ್ನುವ ಬಿಂಜ್ ಈಟಿಂಗ್ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ಎಷ್ಟು ಜನ ಎಷ್ಟು ವರ್ಷ ಹೆಸರೇ ಇಲ್ಲದ ಕಾಯಿಲೆಯನ್ನು ಕತ್ತಲ ಅಡುಗೆಮನೆಗಳಲ್ಲಿ ಬಚ್ಚಿಟ್ಟುಕೊಂಡಿರಬೇಕು. ಗಂಡಸರೂ ಇದ್ದಾರೆ, ಐವತ್ತು ದಾಟಿದವರೂ ಇದ್ದಾರೆ. ನೋಡಿ ಹೇಳುವ ಕಾಯಿಲೆಯೇ ಅಲ್ಲ ಇದು.

ಆ ವೈದ್ಯರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾಗ ಫೋನಿನಲ್ಲಿ ಒಂದು ಪಟ್ಟಿ ಸಿಕ್ಕಿತು. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಮಾಡಿದ್ದು. ಬದುಕಿನ 43 ಘಟನೆಗಳು, ಒಂದೊಂದಕ್ಕೂ ಅಂಕ. ಸಂಗಾತಿಯ ಸಾವಿಗೆ 100, ಮದುವೆಗೆ 50. ಒಳ್ಳೆಯದೂ ಒತ್ತಡವೇ ಎಂದು ಒಪ್ಪಿಕೊಂಡದ್ದು ಆ ಪಟ್ಟಿಯ ಜಾಣತನ. ಒಂದು ವರ್ಷದ ಮೊತ್ತ 150 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚು. ನಾನು ಕೂಡಿಸಿದೆ. ಹತ್ತಿರದವರ ಸಾವು 63, ಅದಕ್ಕೆ ಮುಂಚೆ ಮನೆಯವರ ಆರೋಗ್ಯ ಕೆಟ್ಟದ್ದು 44, ಹಣಕಾಸಿನ ಏರುಪೇರು 38. ಒಟ್ಟು 145. ಪಟ್ಟಿಯ ಕೆಳಗಡೆ, ಪ್ರವಾಸಕ್ಕೆ ಸ್ವಲ್ಪ ಮೇಲೆ, ‘ಊಟದ ಅಭ್ಯಾಸದಲ್ಲಿ ಬದಲಾವಣೆ’ ಅಂತ ಇನ್ನೊಂದಿತ್ತು, ಅದಕ್ಕೆ 15. ಅದನ್ನು ನಾನು ಸೇರಿಸಲಿಲ್ಲ. 145ಕ್ಕೇ ನಿಲ್ಲಿಸಿ, ಸದ್ಯ ಪರವಾಗಿಲ್ಲ ಅಂದುಕೊಂಡು ಫೋನು ಚೀಲಕ್ಕೆ ಹಾಕಿದೆ. ಯಾರೂ ನೋಡದ ಲೆಕ್ಕದಲ್ಲೂ ‘ಊಟ ಆಯ್ತು’ ಅಂದವಳು ನಾನು. ವೃತ್ತಿಯಲ್ಲಿ ಲೆಕ್ಕ ಪರಿಶೀಲಿಸುವವಳು ಬೇರೆ.

ತಮ್ಮ ಕೆಲಸದ ಮೇಲೆ ಬಂದು ಕೆಲವು ವಾರ ನಮ್ಮ ಜೊತೆ ಇದ್ದದ್ದು ಅದೇ ಸುಮಾರಿಗೆ. ಒಂದು ರಾತ್ರಿ ನೀರು ಕುಡಿಯಲು ಎದ್ದು ಬಂದ. ನಾನು ಡಬ್ಬಿಯೊಳಗೆ ಕೈ ಹಾಕಿಕೊಂಡು ಕತ್ತಲಲ್ಲಿ ನಿಂತಿದ್ದೆ. ಅವನ ಕೈ ಸ್ವಿಚ್ಚಿನ ಹತ್ತಿರ ಹೋದದ್ದು ಕಂಡಿತು. ಒತ್ತಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಹಾಲಿನಿಂದ ಕುರ್ಚಿಯೊಂದನ್ನು ಸದ್ದಾಗದಂತೆ ಎತ್ತಿಕೊಂಡು ಬಂದು ನನ್ನ ಹಿಂದೆ ಇಟ್ಟ.

‘ಕೂತ್ಕೊಂಡು ತಿನ್ನು ಅಕ್ಕ.’

ಅಷ್ಟೇ. ತಾನೂ ನೆಲದ ಮೇಲೆ ಗೋಡೆಗೊರಗಿ ಕೂತ. ಅಪ್ಪನ ಕಾಯಿಲೆಯ ನಾಲ್ಕು ತಿಂಗಳು ಬರದ ಅಳು ಆಗ ಬಂತು, ಬಾಯಲ್ಲಿ ಇನ್ನೂ ತುತ್ತಿತ್ತು. ಅದನ್ನು ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಮನಶ್ಶಾಸ್ತ್ರಜ್ಞೆಯನ್ನು ಹುಡುಕಿದವನೂ ಅವನೇ. ಆಕೆ ರಾತ್ರಿಯ ವಿಷಯ ಕೇಳಿಯಾರು, ಬೈದಾರು ಎಂದು ನಾನು ಕಾದೆ. ಆಕೆ ಕೇಳಿದ್ದು ಹಿಂದಿನ ದಿನ ಬೆಳಗ್ಗೆ ಎದ್ದಾಗಿನಿಂದ ಏನು ತಿಂದಿರಿ, ಎಷ್ಟು ಹೊತ್ತಿಗೆ ಎಂದು. ಹೇಳಲು ಏನೂ ಇರಲಿಲ್ಲ. ಆಗ ಆಕೆ ಅಂದರು: ‘ನಿಮ್ಮ ತೊಂದರೆ ರಾತ್ರಿ ಹನ್ನೊಂದಕ್ಕೆ ಶುರುವಾಗ್ತಿಲ್ಲ. ಬೆಳಗ್ಗೆ ಎಂಟಕ್ಕೆ ಶುರುವಾಗ್ತಿದೆ.’

ಈ ಮಾತು ನನಗೆ ಮನದಟ್ಟಾಗಿದ್ದು ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದ ಮೇಲೆ. 1944ರ ನವೆಂಬರ್‌ನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ 36 ಯುವಕರನ್ನು ಸೇರಿಸಿದ. ಬಂದೂಕು ಹಿಡಿಯಲು ಒಪ್ಪದೆ ಬೇರೆ ಸೇವೆ ಆರಿಸಿಕೊಂಡವರು, ತಾವಾಗಿ ಮುಂದೆ ಬಂದವರು. ಮನಸ್ಸು, ದೇಹ ಎರಡೂ ಗಟ್ಟಿ ಇದ್ದವರನ್ನೇ ಸೋಸಿ ತೆಗೆದಿದ್ದರು. ಯುದ್ಧದಲ್ಲಿ ಹಸಿದು ಬಳಲಿದ ಜನಕ್ಕೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯುವುದು ಉದ್ದೇಶ. ಅದಕ್ಕಾಗಿ ಇವರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು.

ಆ ಗಟ್ಟಿಗರು ಏನಾದರು ಗೊತ್ತೆ? ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ತಟ್ಟೆ ನೆಕ್ಕಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ನೀರು ಬೆರೆಸಿ ಹೆಚ್ಚು ಮಾಡಿಕೊಂಡರು. ಜೊತೆಗಾರರ ಸಂಗ ಬೇಡವಾಯಿತು, ಸಿಡುಕು, ಖಿನ್ನತೆ. ಕೆಲವರು ನಿಯಮ ಮುರಿದು ಕದ್ದು ತಿಂದರು, ಆಮೇಲೆ ತಮ್ಮನ್ನೇ ಹಳಿದುಕೊಂಡರು. ಊಟ ಮತ್ತೆ ಸಿಕ್ಕ ಮೇಲೂ ಹೊಟ್ಟೆ ಬಿರಿಯುವಷ್ಟು ತಿಂದು ಇನ್ನೂ ಹಸಿವು ಅಂದವರಿದ್ದರು. ಇವರಲ್ಲಿ ಯಾರಿಗೂ ಸಣ್ಣಗಾಗುವ ಹುಚ್ಚು ಇರಲಿಲ್ಲ. ಮನೋಬಲ ಕಡಿಮೆ ಅನ್ನೋಣವೆಂದರೆ, ಯುದ್ಧಕ್ಕೆ ಬೆನ್ನು ತಿರುಗಿಸಿ ಲೋಕದಿಂದ ಬೈಸಿಕೊಳ್ಳುವಷ್ಟು ಮನೋಬಲ ಇದ್ದವರು. ನಾನು ನನ್ನ ಗುಣ, ನನ್ನ ಕೊಳಕು ಅಂದುಕೊಂಡಿದ್ದ ಎಷ್ಟೋ ಸಂಗತಿ ಬರೀ ಹಸಿವಿನ ಕೆಲಸವಾಗಿತ್ತು.

ಎಲ್ಲವೂ ಹಸಿವಿನ ಕೆಲಸ ಅಂತಲ್ಲ. ಒಂದೇ ಮನೆಯ ಒಂದೇ ದುಃಖ ನನ್ನನ್ನು ಇಲ್ಲಿಗೆ ತಂದು ತಮ್ಮನನ್ನು ಯಾಕೆ ತರಲಿಲ್ಲ? ಅವಳಿಗಳ ಅಧ್ಯಯನಗಳು ಹುಟ್ಟಿನೊಂದಿಗೆ ಬರುವ ಪಾಲು ಸಣ್ಣದಲ್ಲ ಎಂದು ತೋರಿಸಿವೆ. 2019ರಲ್ಲಿ ಅನೊರೆಕ್ಸಿಯಾ ಇದ್ದ ಸುಮಾರು 17,000 ಜನರ ವಂಶವಾಹಿಗಳನ್ನು ಪರಿಶೀಲಿಸಿದಾಗ ಅದಕ್ಕೆ ನಂಟಿರುವ ಎಂಟು ತಾಣಗಳು ಸಿಕ್ಕವು. ನಂಟು ಮನಸ್ಸಿನ ಕಾಯಿಲೆಗಳೊಂದಿಗೆ ಮಾತ್ರವಲ್ಲ, ದೇಹದ ಚಯಾಪಚಯದೊಂದಿಗೂ ಇತ್ತು. ಅಮ್ಮನಿಗೆ ಇದನ್ನು ಓದಿ ಹೇಳಿದಾಗ ‘ಹಾಗಾದ್ರೆ ನಾನು ಸರಿಯಾಗಿ ಬೆಳೆಸದೆ ಹೀಗಾಯ್ತು ಅಂತಲ್ಲ’ ಅಂದರು. ಆಕೆ ಅಷ್ಟು ದಿನ ಏನನ್ನು ನುಂಗಿಕೊಂಡಿದ್ದರು ಎಂದು ನಾನು ಕೇಳಿಯೇ ಇರಲಿಲ್ಲ.

ಚಿಕಿತ್ಸೆಯ ಬಗ್ಗೆ ರೋಚಕವಾಗಿ ಬರೆಯಲು ಏನೂ ಇಲ್ಲ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿಡಬಾರದು. ಹಸಿವಾಗಲಿ ಬಿಡಲಿ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸಾಕ್ರಮದ ಬುನಾದಿ ಇದು. ಕೇಳಲು ಶಾಲೆಯ ವೇಳಾಪಟ್ಟಿಯ ಹಾಗಿದೆ. ಆದರೆ ರಾತ್ರಿ ಹೊಟ್ಟೆ ಬಿರಿಯ ತಿಂದವಳು ಮರುದಿನ ಎಂಟು ಗಂಟೆಗೆ ಸರಿಯಾಗಿ ತಟ್ಟೆಯ ಮುಂದೆ ಕೂರುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ನಾನು ಆಸ್ಪತ್ರೆಯ ನಾಲ್ಕು ತಿಂಗಳಲ್ಲೂ ಮಾಡಿರಲಿಲ್ಲ. ಇಡೀ ದೇಹ ಪ್ರಾಯಶ್ಚಿತ್ತ ಕೇಳುತ್ತದೆ. ಪ್ರಾಯಶ್ಚಿತ್ತವೇ ಮುಂದಿನ ರಾತ್ರಿಯ ಬೀಜ. ಮೊದಲ ಆರು ವಾರ ದಿನವೂ ಸೋತೆ ಅನ್ನಿಸಿತು. ಏಳನೆಯ ವಾರದಲ್ಲಿ ಒಂದು ದಿನ ಬೆಳಗ್ಗೆ ಎದ್ದಾಗ, ಹಿಂದಿನ ರಾತ್ರಿ ಅಡುಗೆಮನೆಗೆ ಹೋಗಿರಲಿಲ್ಲ ಎಂಬುದು ನೆನಪಾಯಿತು. ಬೇಡವೆಂದು ತಡೆದುಕೊಂಡದ್ದಲ್ಲ, ಮರೆತೇಹೋಗಿತ್ತು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಬಹಳ ದಿನ ಬಹಳ ಕಡಿಮೆ ತಿಂದವರಿಗೆ ಪ್ರೀತಿಯಿಂದ ಒಮ್ಮೆಲೇ ತಟ್ಟೆ ತುಂಬ ಬಡಿಸುವುದು ಅಪಾಯ. ರಕ್ತದ ಫಾಸ್ಫೇಟ್ ಕುಸಿದು ಹೃದಯ, ಉಸಿರಾಟ ಏರುಪೇರಾಗಬಹುದು, ಜೀವಕ್ಕೇ ಬರಬಹುದು. ಪದೇ ಪದೇ ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದು ಎದೆಬಡಿತದ ಲಯ ತಪ್ಪುತ್ತದೆ. ಮನೋರೋಗಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ತಲೆ ತಿರುಗಿ ಬೀಳುವುದು, ಎದೆ ಹೊಡೆದುಕೊಳ್ಳುವುದು, ಊಟವೇ ಪೂರ್ತಿ ನಿಂತುಹೋಗುವುದು, ಬದುಕೇ ಬೇಡ ಅನ್ನಿಸುವುದು, ಇವು ಕಂಡರೆ ಬುದ್ಧಿವಾದ ಹೇಳುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ‘ಗಟ್ಟಿಗಿತ್ತಿ’ಯ ವಿಷಯಕ್ಕೆ ಬರುತ್ತೇನೆ, ಅದು ನನಗೆ ಇನ್ನೂ ಚುಚ್ಚುತ್ತದೆ. ರೆಸಿಲಿಯನ್ಸ್ ಎಂಬ ಪದವನ್ನು ಈಗ ಎಲ್ಲರೂ ಬಳಸುತ್ತಾರೆ. ಪತ್ರಿಕೆಗಳು ‘ಪುಟಿದೇಳುವ ಶಕ್ತಿ’ ಎನ್ನುತ್ತವೆ. ನನಗೆ ನೆನಪಾಗುವುದು ಹೈಸ್ಕೂಲಿನ ವಿಜ್ಞಾನ ಪುಸ್ತಕದ ‘ಸ್ಥಿತಿಸ್ಥಾಪಕತ್ವ’. ಸ್ಪ್ರಿಂಗು ಎಳೆದು ಬಿಟ್ಟರೆ ಮೊದಲಿನಂತಾಗುತ್ತದೆ, ಮಿತಿ ಮೀರಿ ಎಳೆದರೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು. ನಮ್ಮ ಹೊಗಳಿಕೆಯಲ್ಲಿ ಆ ಮಿತಿಯ ಮಾತೇ ಇರುವುದಿಲ್ಲ. ತೂಕ ಹೇರಿದಷ್ಟೂ ಸದ್ದು ಮಾಡದವರನ್ನು ಗಟ್ಟಿಗರು ಅನ್ನುತ್ತೇವೆ. ನನ್ನ ಕಾಯಿಲೆ ಬೆಳೆದದ್ದು ಆ ಗುಣವನ್ನೇ ತಿಂದು. ಹಸಿವನ್ನು ಸದ್ದಿಲ್ಲದೆ ತಡೆದುಕೊಳ್ಳುವುದು, ಯಾರಿಗೂ ಹೊರೆಯಾಗದಿರುವುದು, ನಿಯಮ ತಪ್ಪದಿರುವುದು. ದುಃಖದಲ್ಲಿ ಶಹಬ್ಬಾಸ್‌ಗಿರಿ ತಂದುಕೊಟ್ಟ ಗುಣಗಳೇ ಇವೆಲ್ಲ, ಒಂದೂ ಹೊಸದಲ್ಲ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಟ್ಟಲೆ ಗಮನಿಸುತ್ತ ಹೋದರು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯ ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೆ ಬಿದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದರು. ಅವರಲ್ಲಿ ಪದೇ ಪದೇ ಕಂಡದ್ದು, ಬಿಟ್ಟುಹೋಗದ ಒಬ್ಬರಾದರೂ ಹಿರಿಯರು ಹತ್ತಿರವಿದ್ದದ್ದು. ಅಜ್ಜಿಯೋ, ನೆರೆಯವರೋ, ಮೇಷ್ಟ್ರೋ. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಎಷ್ಟೋ ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ನೆಟ್ಟಗಾಗಿದ್ದರು ಎಂಬುದು ನನಗೆ ಇನ್ನೂ ಹೆಚ್ಚು ಇಷ್ಟವಾದ ಭಾಗ, ಕಾರಣ ಹೇಳಬೇಕಿಲ್ಲ.

ನನ್ನ ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಮರಳಿ ಹೋಗಬೇಕಿದ್ದವನು ಹೋಗುವ ದಿನ ಮುಂದಕ್ಕೆ ಹಾಕಿಕೊಂಡು ಒಂದು ತಿಂಗಳು ರಾತ್ರಿಯೂಟಕ್ಕೆ ದಿನವೂ ನನ್ನ ಎದುರು ಕೂತ. ‘ಇನ್ನೊಂದು ತುತ್ತು ತಿನ್ನು’ ಅನ್ನಲಿಲ್ಲ, ನನ್ನ ತಟ್ಟೆ ನೋಡಲಿಲ್ಲ. ಆಫೀಸಿನ ಕತೆ ಹೇಳುತ್ತಿದ್ದ, ಇಲ್ಲವೇ ಸುಮ್ಮನಿರುತ್ತಿದ್ದ. ಸಾಮಾನ್ಯವಾಗಿ ಐದು ನಿಮಿಷದಲ್ಲಿ ಉಂಡು ಏಳುವ ಹುಡುಗ ನನಗೆ ಮುಜುಗರವಾಗದಿರಲೆಂದು ನನ್ನಷ್ಟೇ ನಿಧಾನಕ್ಕೆ, ಅರ್ಧ ಗಂಟೆ ಅಗಿಯುತ್ತ ಕೂರುತ್ತಿದ್ದ. ಈಗ ಎರಡು ವರ್ಷವಾಯಿತು. ಕಳೆದ ತಿಂಗಳು ಆಫೀಸಿನಲ್ಲಿ ಗಡಿಬಿಡಿ ಹೆಚ್ಚಾದಾಗ ಬೆಳಗಿನ ತಿಂಡಿ ಮೂರು ದಿನ ತಾನಾಗೇ ತಪ್ಪಿತು, ನಾಲ್ಕನೆಯ ರಾತ್ರಿ ಅಡುಗೆಮನೆ ಕರೆಯಿತು, ಹೋದೆ. ಮರುದಿನ ಬೆಳಗ್ಗೆ ಎಂಟಕ್ಕೆ ತಟ್ಟೆಯ ಮುಂದೆ ಕೂತೆ. ಅವನಿಗೆ ಫೋನು ಮಾಡಿ ಹೇಳಿದೆ ಕೂಡ.

ಹಾಕುವ ಮುಂಚೆ ಈ ಬರಹವನ್ನು ಅವನಿಗೆ ಕಳಿಸಿದೆ. ಒಂದು ಗಂಟೆಯ ಮೇಲೆ ಫೋನು ಬಂತು.

‘ಎಲ್ಲ ಸರಿ ಇದೆ ಅಕ್ಕ, ಒಂದು ತಪ್ಪಿದೆ. ನಾನು ನಿಧಾನಕ್ಕೆ ತಿಂದದ್ದು ನಿನಗೋಸ್ಕರ ಅಲ್ಲ. ದವಡೆ ಹಲ್ಲು ನೋಯ್ತಿತ್ತು.’

‘ಒಂದು ತಿಂಗಳು ಪೂರ್ತಿ?’

‘ಎರಡು ವಾರ’ ಅಂದ. ‘ಆಮೇಲೆ ಅಭ್ಯಾಸ ಆಗೋಯ್ತು.’